ಊರು ಬಿಡುವ ಗತ್ತು

ತುಗ್ಗಲಿಪಾಳ್ಯದಲ್ಲಿ ತಮಟೆ ಬಾರಿಸುವ ಮನೆ ಒಂದೇ ಇತ್ತು. ಅದು ಅಡವಯ್ಯನದು. ಬುಕ್ಕಾಪಟ್ಟಣಕ್ಕೆ ಹೋಗುವ ಗಾಡಿದಾರಿಯ ಎಡಕ್ಕೆ, ಊರಿಂದ ಒಂದು ಕೂಗಳತೆ ಹೊರಗಿದ್ದ ಕೇರಿಯಲ್ಲಿ ಅವನದು ಕೊನೆಯ ಮನೆ. ಅವನ ಅಪ್ಪ ಬಾರಿಸಿದ್ದ, ಅಪ್ಪನ ಅಪ್ಪನೂ ಬಾರಿಸಿದ್ದ. ಕೆರೆಯ ತೂಬು ಎತ್ತುವ ದಿನವಾಗಲಿ, ಯಾರದೋ ಎಮ್ಮೆ ತಪ್ಪಿಸಿಕೊಂಡದ್ದಾಗಲಿ, ಯಾರ ಮನೆಯಲ್ಲೋ ಉಸಿರು ನಿಂತದ್ದಾಗಲಿ, ಸುದ್ದಿ ಮೊದಲು ತಮಟೆಯಲ್ಲಿ ಬಂದು ಆಮೇಲೆ ಜನರ ಬಾಯಿಗೆ ಹೋಗುತ್ತಿತ್ತು. ಬಡಿತದ ಒಂದೊಂದು ವರಸೆಯೂ ಒಂದೊಂದು ಗತ್ತು. ಮದುವೆಗೆ ಒಂದು ಗತ್ತು, ಮಣ್ಣಿಗೆ ಇನ್ನೊಂದು. ದೇವರು ಹೊಳೆಗೆ ಹೊರಟರೆ ಬೇರೆ, ಸುಮ್ಮನೆ ಸಾರುವುದಕ್ಕೆ ಬೇರೆ. ಮಾತು ಕೇಳಿಸದಷ್ಟು ದೂರದಲ್ಲಿ ಕುರಿ ಮೇಯಿಸುತ್ತಿದ್ದವನೂ ಗತ್ತು ಕೇಳಿಯೇ ವಿಷಯ ಇಂಥದ್ದೆಂದು ತಿಳಿದುಕೊಳ್ಳುತ್ತಿದ್ದ.

1976ರ ಸೆಪ್ಟೆಂಬರಿನ ಒಂದು ಸೋಮವಾರ ನಂದೀಶ್ವರಯ್ಯ ಮೇಷ್ಟ್ರು ಸೈಕಲ್ಲು ತಳ್ಳಿಕೊಂಡು ಕೇರಿಯವರೆಗೂ ಬಂದರು. ಅವರು ಊರ ಶಾಲೆಯ ಹೆಡ್‌ಮೇಷ್ಟ್ರು. ಮೊದಲೆಲ್ಲ ಯಾರ ಕೈಲಾದರೂ ಹೇಳಿಕಳಿಸುತ್ತಿದ್ದವರು ಅವತ್ತು ತಾವೇ ಬಂದಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು.

"ಅಡವಯ್ಯ, ಬುಧವಾರ ಸ್ಕೂಲ್ ಹತ್ರ ಮನೆ ಸೈಟಿನ ಹಕ್ಕುಪತ್ರ ಕೊಡ್ತಾರೆ. ಊರಲ್ಲೂ ಎಲಚಿಹಟ್ಟೀಲೂ ಸಾರಿಬಿಡು. ಗಂಡಸರೇ ಬರಬೇಕು, ಹೆಬ್ಬೆಟ್ಟು ಒತ್ತೋಕೆ."

"ಹಟ್ಟಿಯೋರ್ಗೂ ಕೊಡ್ತಾರಾ ಬುದ್ಧಿ?"

"ಮುಖ್ಯವಾಗಿ ಅವರಿಗೇ" ಎಂದ ಮೇಷ್ಟ್ರು ಸೈಕಲ್ಲಿನ ಬೆಲ್ಲನ್ನು ಕಾರಣವಿಲ್ಲದೆ ಒಮ್ಮೆ ಒತ್ತಿ, ಅವನ ಮುಖ ನೋಡದೆ ತಿರುಗಿಬಿಟ್ಟರು.

ಅಡವಯ್ಯನಿಗೆ ಖುಷಿಯಾಗಿತ್ತು. ಒಳ್ಳೆಯ ಸುದ್ದಿ ಸಾರುವುದು ವರ್ಷಕ್ಕೆ ಒಂದೋ ಎರಡೋ ಸಲ. ಹುಲ್ಲು ಉರಿಸಿ ತಮಟೆಯ ಚರ್ಮ ಕಾಯಿಸಿ, ಬೆರಳಲ್ಲಿ ಮೀಟಿ ನೋಡಿ, ಊರು ಮುಗಿಸಿ, ಒಂದೂವರೆ ಮೈಲಿ ನಡೆದು ಎಲಚಿಹಟ್ಟಿಗೆ ಹೋದ. ಅದು ಕುರಿ ಸಾಕುವ ಗೊಲ್ಲರ ಹಟ್ಟಿ. ಸುತ್ತ ಮುಳ್ಳಿನ ಬೇಲಿ. ಕೇರಿಯವರು ಬೇಲಿಯೊಳಗೆ ಕಾಲಿಡುವಂತಿರಲಿಲ್ಲ. ಹಟ್ಟಿಯ ಬಾಗಿಲಾದ ಉಕ್ಕಡದ ಹೊರಗೆ ನಿಂತು ಬಾರಿಸಿದ.

ಭೀಮಕ್ಕ ಕುರಿಮರಿಯೊಂದರ ಗೊರಸಿನ ಹುಣ್ಣಿಗೆ ಬೇವಿನೆಣ್ಣೆ ಹಚ್ಚುತ್ತ ಕೂತಿದ್ದಳು. ಅರವತ್ತರ ಹೆಂಗಸು, ಗಂಡ ಸತ್ತು ವರ್ಷಗಳಾಗಿದ್ದವು. ಒಬ್ಬನೇ ಮಗ ಕ್ಯಾತಪ್ಪನಿಗೆ ಆ ಬೇಸಿಗೆಯಲ್ಲಷ್ಟೇ ಪುಟ್ಟಕ್ಕ ಎಂಬ ಹುಡುಗಿಯನ್ನು ತಂದಿದ್ದಳು.

"ಲೋ ಅಡವ, ನಮ್ಗ್ಯಾಕ್ಲಾ ಸೈಟು ಕೊಟ್ಟಾರು? ಕುರಿ ಹಿಂದೆ ತಿರುಗೋ ಜನ. ನಿಜ್ವೇನ್ಲಾ?"

"ತಮಟೆ ಯಾವತ್ತಾನ ಸುಳ್ಳು ಯೋಳೈತಾ ಭೀಮಕ್ಕ?"

"ಅದೂ ದಿಟ ಅನ್ನು" ಎಂದು ಅವಳು ಒಳಗೆ ಮಗನನ್ನು ಕೂಗಿದಳು. "ಕ್ಯಾತಾ, ಬುಧವಾರ ಕುರಿ ನಾನ್ ಒಡ್ಕಂಡೋಯ್ತೀನಿ. ನೀನು ರುಮಾಲು ಒಗ್ದಾಕು."

ಬುಧವಾರ ಗಂಡಸರೆಲ್ಲ ಒಗೆದ ರುಮಾಲು ಸುತ್ತಿಕೊಂಡು ಶಾಲೆಯ ಅಂಗಳದಲ್ಲಿ ಕೂತರು. ಅಡವಯ್ಯನೂ ಹೋಗಿದ್ದ. ಎರಡು ವ್ಯಾನು ಬಂದವು, ಹಿಂದೆ ಒಂದು ಜೀಪು. ಜೀಪಿನಿಂದ ಕನ್ನಡಕದ ಸಾಹೇಬರೊಬ್ಬರು ಇಳಿದು ಮೇಷ್ಟ್ರ ಕೈಲಿದ್ದ ಪಟ್ಟಿ ನೋಡಿದರು. ಹೆಸರು ಕೂಗಿದರು. ಕೂಗಿದವರನ್ನು ವ್ಯಾನಿಗೆ ಹತ್ತಿಸಿದರು. ಹೆಬ್ಬೆಟ್ಟು ಒತ್ತುವುದು ಪಟ್ಟಣದಲ್ಲಿ ಎಂದರು. ಮೊದಲ ವ್ಯಾನಿನ ಬಾಗಿಲು ಹೊರಗಿನಿಂದ ಚಿಲಕ ಹಾಕಿದ ಸದ್ದು ಕೇಳಿದ ಮೇಲೆ ಯಾರೋ "ಮಕ್ಳಾಗ್ದಂಗೆ ಮಾಡೋ ಆಪರೇಸನ್ನು ಕಣ್ರಲೋ!" ಎಂದು ಕಿರುಚಿದ. ಕೂತಿದ್ದವರು ಎದ್ದು ಕಾಂಪೌಂಡು ಹಾರತೊಡಗಿದರು. ಕಾನ್‌ಸ್ಟೇಬಲ್ಲುಗಳು ರಟ್ಟೆ ಹಿಡಿದು ಎಳೆದರು. ಕ್ಯಾತಪ್ಪ ಓಡಲಿಲ್ಲ. ಹೆಸರು ಕೂಗಿದಾಗ ಎದ್ದು ತಾನೇ ಹೋಗಿ ಎರಡನೆಯ ವ್ಯಾನು ಹತ್ತಿದ್ದ. ಕಿಟಕಿಯ ಸರಳಿನಿಂದ ಅಡವಯ್ಯನತ್ತ ನೋಡಿದ. ಅವನಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ. ಅಡವಣ್ಣ ಇದಾನಲ್ಲ ಎಂಬಂತೆ ನಕ್ಕ.

ಅಡವಯ್ಯ ಮೇಷ್ಟ್ರ ಹತ್ತಿರ ಓಡಿದ. "ಬುದ್ಧಿ, ಆ ಕ್ಯಾತಪ್ಪಂಗೆ ಇನ್ನೂ ಮಕ್ಳಿಲ್ಲ. ಮದ್ವೆ ಆಗಿ ಆರ್ ತಿಂಗ್ಳು. ಯೋಳಿ ಬುದ್ಧಿ, ನೀವಾದ್ರೂ ಯೋಳಿ."

ಮೇಷ್ಟ್ರು ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟರು. ಮತ್ತೆ ತೆಗೆದರು. ಮತ್ತೆ ಮಡಿಸಿದರು. ಅಷ್ಟರಲ್ಲಿ ವ್ಯಾನುಗಳು ಹೊರಟಿದ್ದವು.

ನಾಲ್ಕನೆಯ ದಿನ ಗಂಡಸರು ಕಾಲು ಅಗಲಿಸಿ ನಡೆಯುತ್ತ ವಾಪಸು ಬಂದರು. ಒಬ್ಬೊಬ್ಬರಿಗೂ ಒಂದೊಂದು ಗಿರಣಿ ರಗ್ಗು ಕೊಟ್ಟಿದ್ದರು. ಕ್ಯಾತಪ್ಪ ತನ್ನ ರಗ್ಗನ್ನು ಹಟ್ಟಿಯ ಬೇಲಿಯ ಮೇಲೆ ಎಸೆದು ಒಳಗೆ ಹೋದ. ಅದನ್ನು ಯಾರೂ ತೆಗೆಯಲಿಲ್ಲ. ಹತ್ತು ದಿನ ಕಳೆದ ಮೇಲೆ, ತಾಯಿಗಾಗಲಿ ಹೆಂಡತಿಗಾಗಲಿ ಹೇಳದೆ, ನಲವತ್ತು ಕುರಿ ಹೊಡೆದುಕೊಂಡು ಪಾವಗಡದ ಕಡೆಗೆ ಹೋಗಿಬಿಟ್ಟ. ಅಲ್ಲಿಂದಲೂ ಮುಂದೆ ಆಂಧ್ರದ ಗಡಿ ದಾಟಿದನೆಂದು ಸಂತೆಗೆ ಬಂದವರು ಹೇಳಿದರು.

ಆಗ ಭೀಮಕ್ಕ ಕೇರಿಗೆ ಬಂದಳು. ಹಟ್ಟಿಯ ಹೆಂಗಸು ಕೇರಿಗೆ ಬಂದದ್ದನ್ನು ಅಡವಯ್ಯ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನಡುಮಧ್ಯಾಹ್ನ, ಅವನ ಬಾಗಿಲ ಎದುರಿನ ಬಿಸಿಲಿನಲ್ಲೇ ನಿಂತಳು. ಅವನ ಹೆಂಡತಿ ಮಾರಕ್ಕ ಹೊರಗೆ ಬಂದು ಸೆರಗು ಸರಿಮಾಡಿಕೊಂಡಳು.

"ನೀನು ಬಾಯಲ್ಲಿ ಸುಳ್ಳು ಯೋಳಿದ್ರೆ ತಡ್ಕಂತಿದ್ದೆ ಕಣ್ಲಾ ಅಡವ" ಎಂದಳು ಭೀಮಕ್ಕ. "ಮನುಸ್ರ ಬಾಯಿ, ಏನಾರ ಅಂತದೆ. ನೀನು ತಮಟೇಲಿ ಯೋಳ್ದೆ. ಅದುನ್ನ ನಂಬಿ ನನ್ನ ಮಗುನ್ನ ನಾನೇ ರುಮಾಲು ಸುತ್ತಿ ಕಳ್ಸ್ದೆ."

"ನಂಗೊತ್ತಿರ್ಲಿಲ್ಲ ಭೀಮಕ್ಕ. ಜುಂಜಪ್ಪನಾಣೆ, ಗೊತ್ತಿರ್ಲಿಲ್ಲ."

"ನಮ್ ದೇವ್ರ ಎಸ್ರು ನೀನು ಎತ್ಬ್ಯಾಡ."

ಅವಳು ಹೋದ ಮೇಲೂ ಅವನು ಆ ಬಿಸಿಲನ್ನೇ ನೋಡುತ್ತಿದ್ದ.

ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೊಲಕ್ಕೆ ಹೋದರೆ ಅರ್ಧ ಸಾಲು ಕಳೆ ಕಿತ್ತು ಎದ್ದುಬಿಡುತ್ತಿದ್ದ. ಉಣ್ಣುವಾಗ ಎಡಗೈ ಬೆರಳು ತಟ್ಟೆಯ ಅಂಚಿನ ಮೇಲೆ ಕುಣಿಯುತ್ತಿತ್ತು. ಹೊಸ್ತಿಲ ಮೇಲೆ, ಮಂಡಿಯ ಮೇಲೆ, ಮಗುವಿನ ಬೆನ್ನ ಮೇಲೆ, ಕೈ ಎಲ್ಲಿಟ್ಟರೂ ಬಡಿಯುತ್ತಿತ್ತು. ಊರಿನಲ್ಲೂ ಬದಲಾವಣೆಯಾಗಿತ್ತು. ದನಗಳಿಗೆ ಚಪ್ಪೆ ರೋಗದ ಚುಚ್ಚುಮದ್ದು ಬಂದಾಗ ಅವನು ಸಾರಲು ಹೊರಟ. ಮೊದಲ ಪೆಟ್ಟಿಗೇ ಬೀದಿಯ ಬಾಗಿಲುಗಳು ಮುಚ್ಚಿದವು. ಹಿತ್ತಲಿನಿಂದ ಗಂಡಸರು ಓಡಿ ಜೋಳದ ಹೊಲ ಸೇರಿದರು. ಚುಚ್ಚುಮದ್ದಿನವರು ಮಧ್ಯಾಹ್ನದವರೆಗೆ ಕಾದು ಹೋದರು. ಆ ತಿಂಗಳು ಊರಲ್ಲಿ ಏಳು ದನ ಸತ್ತವು. ಅದರಲ್ಲಿ ಒಂದು ಅಡವಯ್ಯನದೇ ಹೋರಿ.

ಒಂದು ದಿನ ಮಾರಕ್ಕ ರಾಗಿ ಕೇರುತ್ತಿದ್ದವಳು ತಟ್ಟನೆ ಮೊರ ನಿಲ್ಲಿಸಿದಳು.

"ಅದ್ಯಾವ್ ಗತ್ತು ಅದು? ನಾನು ಈ ಮನೆಗೆ ಬಂದು ಇಪ್ಪತ್ತೈದು ವರ್ಸಾಯ್ತು, ಇದುನ್ನ ಕೇಳೇ ಇಲ್ಲ."

ಅಡವಯ್ಯ ತನ್ನ ಕೈಯನ್ನು ತಾನೇ ನೋಡಿಕೊಂಡ. ಒರಳಿನ ಅಂಚಿನ ಮೇಲೆ ಅದು ಮೂರು ಗಿಡ್ಡ ಪೆಟ್ಟು ಹಾಕಿ, ಒಂದು ಉಸಿರು ನಿಂತು, ಆಮೇಲೆ ಬೆರಳ ತುದಿಯಲ್ಲಿ ಉದ್ದಕ್ಕೂ ಓಡುತ್ತಿತ್ತು. ಅವನು ಕೈ ಕಿತ್ತುಕೊಂಡ.

"ಅದು ಬಾರ್ಸೋ ಗತ್ತಲ್ಲ" ಎಂದ.

"ಮತ್ತೆ ಬಾರ್ಸ್ತಿದ್ದೀಯಲ್ಲ?"

"ಪಿಳೇಗು ಬಂದಾಗಿನ್ದು ಕಣಮ್ಮಿ. ಊರು ಬುಡೋ ಗತ್ತು."

ಅವನಿಗೆ ಆಗ ಹತ್ತು ವರ್ಷ. ಊರಲ್ಲಿ ಇಲಿ ಬೀಳತೊಡಗಿದ್ದವು. ಮೂರು ಮನೆಯಲ್ಲಿ ಕಂಕುಳಿಗೆ ಗಡ್ಡೆ ಬಂದು ಜನ ಸತ್ತರು. ಅಪ್ಪ ಬೆಳಿಗ್ಗೆ ತಮಟೆ ಕಾಯಿಸಿ, ಬಾಯಲ್ಲಿ ಒಂದೂ ಮಾತಾಡದೆ, ಬರೀ ಆ ಗತ್ತನ್ನು ಹೊಡೆಯುತ್ತ ಬೀದಿ ಬೀದಿ ತಿರುಗಿದ. ಬಿಸಿಲೇರುವುದರೊಳಗೆ ಊರು ಖಾಲಿ, ಸಂಜೆಯೊಳಗೆ ಸುತ್ತಲ ಹಟ್ಟಿಗಳೂ. ಒಲೆಯ ಮೇಲಿನ ಮಡಕೆ ಒಲೆಯ ಮೇಲೇ ಇತ್ತು. ಎಲ್ಲರೂ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಮೂರು ತಿಂಗಳು ಕಳೆದರು. ಆಮೇಲೊಮ್ಮೆ ಅಡವಯ್ಯ ಆಟಕ್ಕೆಂದು ಆ ಗತ್ತನ್ನು ಕಲಗಚ್ಚಿನ ಬಾನಿಯ ಮೇಲೆ ಬಡಿದಿದ್ದ. ಅಪ್ಪ ಓಡಿಬಂದು ಕೆನ್ನೆಗೆ ಬಾರಿಸಿದ್ದ. ಇದನ್ನು ಕಲಿ, ಆದರೆ ಅಭ್ಯಾಸ ಮಾಡಬೇಡ ಎಂದಿದ್ದ.

ಮಾರಕ್ಕ ಮೊರವನ್ನು ಪಕ್ಕಕ್ಕಿಟ್ಟಳು. "ಕೈ ಕಟ್ಕಂಡು ಕೂತ್ಕ ಅಂಗಾದ್ರೆ. ಇರೋ ಪೀಡೆ ಸಾಲ್ದಾ?"

ನವೆಂಬರಿನಲ್ಲಿ ಜೀಪು ಮತ್ತೆ ಬಂತು. ಈ ಸಲ ಕನ್ನಡಕದ ಸಾಹೇಬರು ನೇರವಾಗಿ ಕೇರಿಗೇ ಬಂದರು. ಹಿಂದಿನ ಸೀಟಿನಲ್ಲಿ ನಂದೀಶ್ವರಯ್ಯ ಮೇಷ್ಟ್ರು ಕೂತಿದ್ದರು. ನಾಳೆ ಬೆಳಿಗ್ಗೆ ಉದಿಬಂಡೆ ಹಟ್ಟಿಯಲ್ಲಿ ಸಾರಬೇಕು, ಬಿತ್ತನೆ ಶೇಂಗಾ ಹಂಚುತ್ತೇವೆ ಎಂದು ಹೇಳಬೇಕು ಎಂದರು ಸಾಹೇಬರು. ಉದಿಬಂಡೆ ಎಂದರೆ ಆರು ಮೈಲಿ ಆಚೆ, ಬುಕ್ಕಾಪಟ್ಟಣದ ಕಾವಲಿನ, ಎಂದರೆ ಮೇವಿನ ಕುರುಚಲು ಕಾಡಿನ, ಅಂಚಿಗಿದ್ದ ದೊಡ್ಡ ಹಟ್ಟಿ. ಎಂಬತ್ತು ಒಕ್ಕಲು.

"ಸ್ವಾಮಿ, ಶೇಂಗಾ ಕಾಯಿ ಎಲ್ಲೈತೆ? ತೋರ್ಸಿ, ಸಾರ್ತೀನಿ" ಎಂದ ಅಡವಯ್ಯ. 

ಸಾಹೇಬರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ನಿನಗೆಷ್ಟು ಮಕ್ಕಳು?"

"ನಾಕು ಸ್ವಾಮಿ."

"ಹಾಗಾದರೆ ನೀನೂ ಒಂದು ಕೇಸೇ. ನಿನ್ನ ದೊಡ್ಡ ಮಗನಿಗೆ ವಯಸ್ಸೆಷ್ಟು? ಹತ್ತೊಂಬತ್ತೇ? ಅವನೂ ಪಟ್ಟಿಯಲ್ಲಿ ಬರಬಹುದು. ಬರದೆಯೂ ಇರಬಹುದು."

ಜೀಪು ಹೋದ ಮೇಲೆ ಮಾರಕ್ಕ ಗೂಟದಿಂದ ತಮಟೆ ತೆಗೆದು ಅವನ ಮುಂದೆ ಹಾಕಿ, ಕುಡುಗೋಲು ತಂದುಕೊಟ್ಟಳು. "ಕುಯ್ದಾಕು. ತಮಟೆ ಅರ್ದೋಗೈತೆ ಅನ್ನು."

"ಇನ್ನೊಂದು ತಂದ್ಕೊಡ್ತಾರೆ. ಇಲ್ಲ, ಬೇರೆ ಯಾರ್ನೋ ಕರ್ಕೊಂಬತ್ತಾರೆ."

"ಮತ್ತೆ ಓಗಿ ಇನ್ನೆಂಬತ್ತು ಮನೆ ಆಳ್ ಮಾಡ್ತೀಯಾ?"

ಅವನು ಕುಡುಗೋಲನ್ನು ಎತ್ತಿ ಸೂರಿಗೆ ಸಿಕ್ಕಿಸಿ, ಹೊರಗೆ ಹೋಗಿ, ಊರ ಸುತ್ತ ಒಂದು ಬಳಸು ನಡೆದು ಬಂದ. ಮತ್ತೆ ಹೊರಟ.

ಬೆಳಿಗ್ಗೆ ಅವನನ್ನು ಜೀಪಿನಲ್ಲೇ ಕರೆದುಕೊಂಡು ಹೋದರು. ವ್ಯಾನುಗಳನ್ನು ಹುಣಸೆ ಮರದ ಹಿಂದೆ ಕಾಣದಂತೆ ನಿಲ್ಲಿಸಿದರು. ಹಟ್ಟಿಯ ಬೇಲಿಯ ಹೊರಗೆ ಅಡವಯ್ಯ ಒಣಹುಲ್ಲು ಗುಡ್ಡೆ ಮಾಡಿ ಕಡ್ಡಿ ಗೀರಿದ. ಎರಡು ಕಡ್ಡಿ ಆರಿದವು, ಮೂರನೆಯದು ಹತ್ತಿತು. ತಮಟೆ ಕಾಯಿಸಿದ. ಇಷ್ಟು ಕಾದರೆ ಸಾಕಿತ್ತು, ಅವನು ಇನ್ನೂ ಕಾಯಿಸಿದ. ಚರ್ಮ ಸುಟ್ಟ ವಾಸನೆ ಬಂತು.

"ಬೇಗ" ಎಂದರು ಸಾಹೇಬರು ಜೀಪಿನಿಂದ.

ಮೊದಲು ಸಾರುವ ಗತ್ತನ್ನೇ ಹೊಡೆದ. ಬೇಲಿಯಾಚೆ ಒಬ್ಬೊಬ್ಬರೇ ಎದ್ದು ಬಂದು ನಿಂತರು. ಎಳೆ ಹುಡುಗರು, ಹೆಗಲ ಮೇಲೆ ಕೋಲು ಅಡ್ಡ ಹಾಕಿಕೊಂಡ ಗಂಡಸರು. ಅಡವಯ್ಯ ಗಂಟಲೆತ್ತಿ ಕೂಗಿದ: "ಕೇಳ್ರಪ್ಪೋ ಕೇಳ್ರೀ! ಉದಿಬಂಡೆ ಹಟ್ಟಿ ಗಂಡಸ್ರೆಲ್ಲ ಕೇಳ್ರಿ! ಬಿತ್ನೆ ಶೇಂಗಾ ಕೊಡ್ತಾರೆ, ಬನ್ರೀ!" ಕೂಗಿ, ಉಸಿರು ಎಳೆದುಕೊಂಡು, ಗಿಡ್ಡ ಕೋಲಿನಿಂದ ಮೂರು ಪೆಟ್ಟು ಹಾಕಿದ. ನಿಲ್ಲಿಸಿದ. ಆಮೇಲೆ ಸಣ್ಣ ಕಡ್ಡಿಯನ್ನು ಚರ್ಮದ ಮೇಲೆ ಉದ್ದಕ್ಕೂ ಓಡಿಸಿದ.

ಯಾರಿಗೂ ಏನೂ ಹೊಳೆದಂತೆ ಕಾಣಲಿಲ್ಲ. ಹುಡುಗರು ನಗುತ್ತ ಮುಂದೆ ಬಂದರು. ಇದು ಗೊತ್ತಿರುವವರು ಯಾರಾದರೂ ಬದುಕಿದ್ದಾರೋ ಇಲ್ಲವೋ ಎಂದು ಅಡವಯ್ಯ ಬೇಲಿಯಾಚೆಯ ಮುಖಗಳಲ್ಲಿ ಹುಡುಕಿದ. ಮತ್ತೆ ಹೊಡೆದ. ಬಾಯಿ ಶೇಂಗಾ ಎನ್ನುತ್ತಿತ್ತು, ಕೈ ಊರು ಬಿಡಿ ಎನ್ನುತ್ತಿತ್ತು. ಮೂರನೆಯ ಸಲ ಹೊಡೆಯುವಾಗ, ಒಂದು ಗುಡಿಸಲ ಮುಂದೆ ಕಂಬಳಿ ಹೊದ್ದು ಕೂತಿದ್ದ ಮುದುಕನೊಬ್ಬ ತಲೆ ಎತ್ತಿದ. ಕಿವಿ ಈ ಕಡೆ ಕೊಟ್ಟ. ನಾಲ್ಕನೆಯ ಸಲಕ್ಕೆ ಕೋಲು ಊರಿ ಎದ್ದು ನಿಂತ. ಅವನು ಮೂಡಲಗಿರಿಯಪ್ಪ, ಆ ಹಟ್ಟಿಯ ಎಲ್ಲರಿಗಿಂತ ಹಿರಿಯ. ಪಕ್ಕದ ಗಂಡಸಿನ ತೋಳು ಹಿಡಿದು ಏನೋ ಹೇಳಿದ. ಆ ಗಂಡಸು ಅಡವಯ್ಯನ ಕಡೆ ನೋಡಿದ, ಹುಣಸೆ ಮರದ ಕಡೆ ನೋಡಿದ. ಅತ್ತ ಇನ್ನೊಬ್ಬ ಮುದುಕಿ ಸೊಸೆಯ ಕಂಕುಳಿನಿಂದ ಮಗುವನ್ನು ಕಿತ್ತುಕೊಂಡು ಒಳಗೆ ಓಡಿದಳು.

ಓಡಾಟವಿಲ್ಲ, ಕೂಗಾಟವಿಲ್ಲ. ಹಟ್ಟಿಯ ಹಿಂಬದಿಯಲ್ಲಿ ಕುರಿರೊಪ್ಪದ ಬಾಗಿಲುಗಳು ಒಂದಾದ ಮೇಲೊಂದು ತೆರೆದವು. ಮೇಯಿಸಲು ಹೊರಟಂತೆ ಗಂಡಸರು ಕುರಿಗಳ ನಡುವೆ ಬಗ್ಗಿಕೊಂಡು ಕಾವಲಿನ ಕಡೆ ಹೊರಟರು. ಕೆಂಪು ಧೂಳು ಎದ್ದಿತು.

ಜೀಪಿನಲ್ಲಿ ಸಾಹೇಬರು ಮೇಷ್ಟ್ರನ್ನು ಕೇಳಿದರು. "ಏನ್ರೀ ಇದು, ಹೊಸ ಥರ ಬಾರಿಸ್ತಿದಾನೆ?"

ನಂದೀಶ್ವರಯ್ಯನವರ ಮುಖ ಬಿಳಿಚಿಕೊಂಡಿತ್ತು. ಅವರಿಗೆ ಗುಡಿಸಲಿನಲ್ಲಿ ಕಳೆದ ಆ ಮೂರು ತಿಂಗಳು ನೆನಪಿತ್ತು. ಆಗ ಅವರಿಗೆ ಐದು ವರ್ಷ. ಅವರ ತಂಗಿ ಆ ಗುಡಿಸಲಿನಲ್ಲೇ ತೀರಿಕೊಂಡಿದ್ದಳು. ಈ ಗತ್ತು ಕೇಳಿದಾಗ ಅವ್ವ ತಮ್ಮನ್ನು ಸೊಂಟಕ್ಕೆ ಎತ್ತಿಕೊಂಡ ರಭಸ ಈಗಲೂ ಮೈಗೆ ಗೊತ್ತಿತ್ತು.

"ಹಟ್ಟಿ ಕಡೆ ಸಾರೋದೇ ಹೀಗೆ ಸಾರ್" ಎಂದರು.

ಅರ್ಧ ಗಂಟೆಯಾದ ಮೇಲೆ ವ್ಯಾನುಗಳನ್ನು ತಂದಾಗ ಹಟ್ಟಿಯಲ್ಲಿ ಹೆಂಗಸರು, ಮಕ್ಕಳು, ಏಳೆಂಟು ಮುದುಕರು ಮಾತ್ರ ಇದ್ದರು. ಸಾಹೇಬರಿಗೆ ಹೇಗೆ ಎಂದು ತಿಳಿಯಲಿಲ್ಲ, ಯಾರಿಂದ ಎಂಬುದು ತಿಳಿಯಿತು. ಜೀಪಿನಿಂದ ಇಳಿದು ಬಂದು ಅಡವಯ್ಯನ ಕೆನ್ನೆಗೆ ಹೊಡೆದರು. ತಮಟೆಯನ್ನು ಕಸಿದು ಜೀಪಿನೊಳಗೆ ಎಸೆದರು. ಖಾಲಿ ವ್ಯಾನಿಗೆ ಅವನೊಬ್ಬನನ್ನೇ ಹತ್ತಿಸಿದರು.

ಪಟ್ಟಣದ ಛತ್ರದಲ್ಲಿ ಹಾಕಿದ್ದ ಶಿಬಿರದಲ್ಲಿ ಅವನಿಗೆ ಆಪರೇಷನ್ ಆಯಿತು. ಚಾಪೆಯ ಮೇಲೆ ಮೂರು ದಿನ ಮಲಗಿದ್ದ. ಪಕ್ಕದಲ್ಲಿ ಕೊರಟಗೆರೆ ಕಡೆಯ ನೇಕಾರನೊಬ್ಬ ಗೋಡೆ ನೋಡುತ್ತ ಮಲಗಿದ್ದ. 

ನಾಲ್ಕನೆಯ ದಿನ ಅಡವಯ್ಯ ಮನೆಗೆ ಬಂದಾಗ ಮಾರಕ್ಕ ಅವನನ್ನು ಕೂರಿಸಲೂ ಇಲ್ಲ. "ಉದಿಬಂಡೆಯಿಂದ ಎರಡ್ ಸಲ ಆಳು ಬಂದಿತ್ತು" ಎಂದಳು. "ಗಂಡಸ್ರು ಇನ್ನೂ ಕಾವಲ್ನಾಗೇ ಔರಂತೆ. ಯಾರೋಗಿ ಕರುದ್ರೂ ಬರಾಕಿಲ್ವಂತೆ. ಕರ್ಯಾಕೋದೋರ್ನ ಜೀಪ್ನೋರೇ ಕಳ್ಸೌರೆ ಅಂತಾರಂತೆ. ಕುರೀನೆಲ್ಲ ಒಡ್ಕಂಡೋಗೌರೆ, ಎಳೇ ಮರಿ ರೊಪ್ಪದಾಗೇ ಉಳ್ಕಂಡವೆ. ಮೊಲೆ ಇಲ್ದೆ ಸಾಯ್ತಾ ಔವಂತೆ."

"ವಾಪಸ್ ಕರ್ಯೋಕೆ ಬ್ಯಾರೆ ಗತ್ತೈತೆ" ಎಂದ ಅಡವಯ್ಯ. "ಊರು ಕೂಡೋ ಗತ್ತು."

"ಮತ್ತೆ ಓಗಿ ಬಾರ್ಸು."

"ನಂಗದು ಬರಾಕಿಲ್ಲ ಕಣಮ್ಮಿ, ಹುಡುಗ್ನಾಗಿ ಒಂದ್ಸಲ ಕೇಳಿದ್ದು ಮರ್ತೋಗೈತೆ. ಅಪ್ಪ ಬುಡೋದು ಕಲಿಸ್ದ. ಕೂಡೋದು ಕಲಿಸೋದ್ರೊಳ್ಗೆ ಸತ್ತೋದ."

ತಮಟೆಯೂ ಇರಲಿಲ್ಲ. ಅಷ್ಟರಲ್ಲಿ ಹೊರಗೆ ಸೈಕಲ್ಲು ನಿಂತ ಸದ್ದಾಯಿತು. ಮೇಷ್ಟ್ರು. ಕ್ಯಾರಿಯರಿಗೆ ಗೋಣಿಚೀಲದಲ್ಲಿ ಸುತ್ತಿ ತಮಟೆ ಕಟ್ಟಿದ್ದರು. ಬಿಚ್ಚಿ, ನೆಲದ ಮೇಲಿಡದೆ, ಅವನ ಕೈಗೇ ಕೊಟ್ಟರು.

"ಜೀಪಿನಲ್ಲಿ ಬಿದ್ದಿತ್ತು. ತಗೊಂಡು ಬಂದೆ" ಎಂದರು. ಗೋಣಿಚೀಲ ಮಡಿಸುತ್ತ, "ಮೊದಲನೇ ಸಲದ್ದು ನನಗೆ ಗೊತ್ತಿತ್ತು ಅಡವಯ್ಯ. ಹಕ್ಕುಪತ್ರ ಅನ್ನೋದು ಸುಳ್ಳು ಅಂತ ಗೊತ್ತಿದ್ದೇ ನಿನಗೆ ಹೇಳಿದೆ. ಇಷ್ಟು ಹೆಸರು ಕೊಡದಿದ್ರೆ ಕೆಲಸದಿಂದ ತೆಗೀತೀವಿ ಅಂದಿದ್ರು" ಎಂದರು.

ಅಡವಯ್ಯ ತಮಟೆಯನ್ನು ಹೆಗಲಿಗೆ ಹಾಕಿಕೊಂಡ.  "ಸೈಕಲ್ನಾಗೆ ಉದಿಬಂಡೆಗೆ ಬುಡಿ ಬುದ್ಧಿ" ಎಂದ. "ನಡ್ಯಕಾಗಲ್ಲ, ಆಪರೇಸನ್ ಒಲಿಗೆ ಇನ್ನೂ ಅಸಿ ಐತೆ."

ಆರು ಮೈಲಿ ಮೇಷ್ಟ್ರು ಸೈಕಲ್ಲು ತುಳಿದರು. ಹಿಂದೆ ಕ್ಯಾರಿಯರಿನ ಮೇಲೆ ಒಂದು ಪಕ್ಕಕ್ಕೆ ಕೂತು, ಗುಂಡಿ ಬಂದಾಗಲೆಲ್ಲ ಹಲ್ಲು ಕಚ್ಚುತ್ತ ಅಡವಯ್ಯ ಹೋದ. ಅರ್ಧ ಮೈಲಿ ದೂರದಿಂದಲೇ ಮರಿಗಳ ಅರಚು ಕೇಳುತ್ತಿತ್ತು. ಹಟ್ಟಿಯ ಹೆಂಗಸರು ಮೇಕೆಯ ಹಾಲಿನಲ್ಲಿ ಬಟ್ಟೆ ಅದ್ದಿ ಚೀಪಿಸುತ್ತಿದ್ದರು. ಬೇಲಿಯ ಹೊರಗೆ ಸತ್ತ ಮರಿಗಳನ್ನು ಸಾಲಾಗಿ ಹಾಕಿದ್ದರು.

ಮೂಡಲಗಿರಿಯಪ್ಪ ಉಕ್ಕಡ ದಾಟಿ ಹೊರಗೆ ಬಂದ. "ನೀನೇ ಏನ್ಲಾ ಬಾರ್ಸ್ದೋನು? ಯಾರ ಮಗ?"

"ಸಣ್ಣರಂಗಯ್ಯನ ಮಗ, ತುಗ್ಗಲಿಪಾಳ್ಯ."

"ಅವುನ್ದೇ ಕೈ. ಕೇಳ್ದಾಗ್ಲೇ ಅಂದ್ಕಂಡೆ. ಈಗ ಕರಿ ಮತ್ತೆ, ಏನ್ ನೋಡ್ತಾ ಕುಂತೀಯ?"

ಅಡವಯ್ಯ ತಲೆ ತಗ್ಗಿಸಿದ. "ಕೂಡೋ ಗತ್ತು ಬರಾಕಿಲ್ಲ ತಾತ."

ಮುದುಕ ಕೋಲನ್ನು ಪಕ್ಕಕ್ಕೆ ಹಾಕಿ, ಕೇರಿಯವನ ಎದುರು, ಬರಿಯ ಮಣ್ಣಿನ ಮೇಲೆ ಮಂಡಿಯೂರಿ ಕೂತ. ಹಟ್ಟಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾನು ಗುಡ್ಲಿನಾಗೆ ಇದ್ದೆ ಕಣ್ಲಾ. ನಿಮ್ಮಪ್ಪ ಒಲದ ಬದುವಿನ ಮ್ಯಾಲೆ ಬಾರಿಸ್ಕಂತ ಬಂದಿದ್ದ. ಹೊಡಿ ನೋಡಾನ ಏನಾರ."

ಅಡವಯ್ಯ ತೋಚಿದಂತೆ ಹೊಡೆದ. ಮುದುಕ ತಲೆಯಾಡಿಸಿದ. "ಅಂಗಲ್ಲ. ಓಟ ಮೊದ್ಲು, ಪೆಟ್ಟು ಆಮ್ಯಾಕೆ." ಮತ್ತೆ ಹೊಡೆದ. "ಓಟ ಜೋರಾಯ್ತು. ದಣಿದ ದನ ಮನೆಗೆ ಬರ್ತವಲ್ಲ, ಅಂಗೆ." ಮುದುಕ ತೊಡೆ ತಟ್ಟಿ ತೋರಿಸಿದ. ತಪ್ಪಿದ, ನಾಲಗೆ ಕಚ್ಚಿದ, ಕಣ್ಣು ಮುಚ್ಚಿ ಮತ್ತೆ ತಟ್ಟಿದ. ಒಮ್ಮೆ ಸಹನೆ ಕೆಟ್ಟು, ತಮಟೆಗೇ ಕೈ ಹಾಕಿ ಚರ್ಮದ ಮೇಲೆ ಬೆರಳಲ್ಲಿ ಬಡಿದು ತೋರಿಸಿದ. ಸೂರ್ಯ ನೆತ್ತಿ ದಾಟಿದ. ಮರಿಗಳ ಅರಚು ನಿಲ್ಲಲಿಲ್ಲ. ಅಡವಯ್ಯನ ಪಂಚೆಯ ಮೇಲೆ ಒಂದು ಚಿಕ್ಕ ಕೆಂಪು ಕಲೆ ಮೂಡಿತ್ತು. ಅದನ್ನು ಮೇಷ್ಟ್ರು ನೋಡಿದರು, ಅವನು ನೋಡಿಕೊಳ್ಳಲಿಲ್ಲ.

"ಅದೇ!" ಎಂದ ಮುದುಕ ಒಮ್ಮೆಲೇ. "ಅದೇ ಕಣ್ಲಾ, ಬುಡ್ಬ್ಯಾಡ!"

ಅಡವಯ್ಯ ಎದ್ದು, ಬಾರಿಸುತ್ತಲೇ ಕಾವಲಿನ ಕಡೆ ನಡೆದ. ಕಾಲು ಸರಿಯಾಗಿ ಎತ್ತಿಡಲಾಗುತ್ತಿರಲಿಲ್ಲ. ಜಾಲಿ, ಎಲಚಿ, ಬಂಡೆ. ಎಲ್ಲಿಯೂ ಏನೂ ಅಲುಗಲಿಲ್ಲ. ಬಾಯಿ ತೆರೆದು ಕರೆಯಬೇಕೆನ್ನಿಸಿತು, ಕರೆಯಲಿಲ್ಲ. ಬಾಯಿ ಸೇರಿದರೆ ನಂಬುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ತೋಳು ಸೋತು ಬಿದ್ದುಹೋಗುತ್ತದೆ ಎನ್ನಿಸುವ ಹೊತ್ತಿಗೆ ದಿಬ್ಬದ ಮೇಲೆ ಒಂದು ಕುರಿ ಕಾಣಿಸಿತು. ಅದರ ಹಿಂದೆ ಹತ್ತು. ಕೆಚ್ಚಲು ಬಿಗಿದ ತಾಯಿಕುರಿಗಳು ಅವನನ್ನು ಸವರಿಕೊಂಡೇ ಹಟ್ಟಿಯ ಕಡೆ ಓಡಿದವು. ಅವುಗಳ ಧೂಳು ಕಳೆದ ಮೇಲೆ ಗಂಡಸರು ಬಂದರು, ತುಟಿ ಒಡೆದು, ಕಣ್ಣು ಕೆಂಪಾಗಿ.  ಒಬ್ಬ ಹೋಗುತ್ತ ಅವನ ಭುಜದ ಮೇಲೆ ಕೈಯಿಟ್ಟು ತೆಗೆದ.

ಮರುವರ್ಷ ಚುನಾವಣೆಯಾಗಿ ತುರ್ತು ಪರಿಸ್ಥಿತಿ ಮುಗಿಯಿತು. ವ್ಯಾನುಗಳು ನಿಂತವು. ಕನ್ನಡಕದ ಸಾಹೇಬರು ಎಲ್ಲಿಗೆ ಹೋದರೋ ಯಾರೂ ಕೇಳಲಿಲ್ಲ. ನಂದೀಶ್ವರಯ್ಯನವರು ಮಧುಗಿರಿ ಕಡೆಗೆ ವರ್ಗ ಕೇಳಿಕೊಂಡು ಹೋದರು.

ಅಡವಯ್ಯನ ಒಳಗಿನ ತಳಮಳ ಮಾತ್ರ ಹೋಗಲಿಲ್ಲ. ಯಾರು ಏನು ಸಾರಲು ಹೇಳಿದರೂ ತಾನು ಹೋಗಿ ಕಣ್ಣಾರೆ ಕಂಡ ಮೇಲೆಯೇ ತಮಟೆ ಮುಟ್ಟುತ್ತಿದ್ದ. ಸೊಸೈಟಿಗೆ ಸಕ್ಕರೆ ಬಂದಿದೆ ಎಂದರೆ ಸೊಸೈಟಿಗೆ ಹೋಗಿ ಮೂಟೆ ಮುಟ್ಟಿ ಬರುತ್ತಿದ್ದ. ತೂಬು ಎತ್ತುತ್ತಾರೆ ಎಂದರೆ ಕೆರೆ ಏರಿಯ ಮೇಲೆ ನಿಂತು ನೋಡುತ್ತಿದ್ದ. "ಅಡವಯ್ಯ ಸಾರೋ ಒತ್ಗೆ ಸಕ್ರೆ ಖಾಲಿ" ಎಂದು ಜನ ನಗುತ್ತಿದ್ದರು. ನಗುತ್ತಲೇ, ನಿಧಾನವಾಗಿ, ಬಾಗಿಲು ತೆರೆದು ಹೊರಗೆ ಬರತೊಡಗಿದರು.

ಕ್ಯಾತಪ್ಪ ಒಂದೂವರೆ ವರ್ಷದ ಮೇಲೆ ಬಂದ. ಮಾತಿನ ನಡುವೆ ತೆಲುಗು ಬೆರೆತಿತ್ತು, ಗಡ್ಡ ಬಿಟ್ಟಿದ್ದ. ಪುಟ್ಟಕ್ಕ ಅವನನ್ನು ಏನೂ ಕೇಳದೆ ಮುದ್ದೆ ಬಡಿಸಿದಳಂತೆ. 1981ರಲ್ಲಿ ಅವರು ಪುಟ್ಟಕ್ಕನ ಅಕ್ಕನ ಮೂರನೆಯ ಹೆಣ್ಣುಮಗುವನ್ನು ತಂದು ಸಾಕಿಕೊಂಡರು. ಮಗುವಿಗೆ ಕಿವಿ ಚುಚ್ಚುವ ದಿನ ಗೊತ್ತಾದಾಗ ಎಲಚಿಹಟ್ಟಿಯಿಂದ ಆಳು ಬಂದು, ತಮಟೆ ತಗೊಂಡು ಬರಬೇಕಂತೆ ಎಂದ.

"ಯಾರ್ ಯೋಳಿದ್ದು?" ಎಂದು ಅಡವಯ್ಯ ಮೂರು ಸಲ ಕೇಳಿದ.

"ಭೀಮಕ್ಕನೇ."

ಆ ಐದು ವರ್ಷ ಅವನು ಆ ಹಟ್ಟಿಯ ದಾರಿ ತುಳಿದಿರಲಿಲ್ಲ. ಉಕ್ಕಡದ ಹೊರಗೆ ನಿಂತು ತಮಟೆ ಕಾಯಿಸತೊಡಗಿದ. ಭೀಮಕ್ಕ ಹೊರಗೆ ಬಂದಳು. ಬೆನ್ನು ಬಾಗಿತ್ತು. ಅವಳಿಗೆ ಹೇಳಬೇಕೆಂದು ಐದು ವರ್ಷದಿಂದ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಮಾತುಗಳಿಗೆ ಅವನು ಬಾಯಿ ತೆರೆದ.

"ಭೀಮಕ್ಕ, ಅವತ್ತು ನಾನು..."

"ಬಾರ್ಸು" ಎಂದಳು ಅವಳು. "ಮಾತಾಡ್ಬ್ಯಾಡ."

ಅವನು ಬಾರಿಸಿದ. ಮೊದಲು ಎರಡು ಪೆಟ್ಟು ತಪ್ಪಿದವು. ಆಮೇಲೆ ಹಿಡಿತಕ್ಕೆ ಬಂತು. ಒಳಗೆ ಮಗು ಚೀರಿತು, ಹೆಂಗಸರು ಸೋಬಾನೆ ಎತ್ತಿದರು. ಕ್ಯಾತಪ್ಪ ಬೇಲಿಯ ಹತ್ತಿರ ಬಂದು, ತೋಳು ಕಟ್ಟಿಕೊಂಡು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಕುರಿಗಳ ಕಡೆ ಹೋದ. ಭೀಮಕ್ಕ ಮಾತ್ರ ಮುಗಿಯುವವರೆಗೂ ಅಲ್ಲೇ ನಿಂತಿದ್ದಳು, ಅವನ ಮುಖ ನೋಡದೆ, ಬರೀ ಕೋಲುಗಳನ್ನು ನೋಡುತ್ತ. ಅದು ಕ್ಷಮೆಯೋ ಪರೀಕ್ಷೆಯೋ ಅವನಿಗೆ ತಿಳಿಯಲಿಲ್ಲ.

ಮನೆಗೆ ಬಂದಾಗ ಮಾರಕ್ಕ ಬಾಗಿಲಲ್ಲೇ ಕಾದಿದ್ದಳು. "ಏನಂದ್ಲು?"

"ಬಾರ್ಸು ಅಂದ್ಲು."

"ಅಷ್ಟೇನಾ?"

"ಅಷ್ಟೇ" ಎಂದ ಅಡವಯ್ಯ. ಪುಟ್ಟಕ್ಕ ಟವೆಲಿಗೆ ಹಾಕಿಕೊಟ್ಟಿದ್ದ ಹುರಿಗಡಲೆ, ಬೆಲ್ಲವನ್ನು ಅವಳ ಕೈಗೆ ಸುರಿದ. ಕೂರಲು ಹೋದವನು ಕೂರಲಿಲ್ಲ. ನಾಳೆ ದನಗಳಿಗೆ ಚುಚ್ಚುಮದ್ದು ಬರುತ್ತದೆಂದು ಬೆಳಿಗ್ಗೆ ಯಾರೋ ಹೇಳಿದ್ದರು. ಡಾಕ್ಟರು ಬುಕ್ಕಾಪಟ್ಟಣಕ್ಕೆ ಬಂದಿಳಿದಿರುವುದು ನಿಜವೋ ನೋಡಿಬರುತ್ತೇನೆಂದು, ಹೊತ್ತು ಇಳಿಯುವುದರೊಳಗೆ, ಗಾಡಿದಾರಿ ಹಿಡಿದು ಹೊರಟ.